ಚರಗದ ದೊಡ್ಡಪ್ಪ

ಕೊಪ್ಪಳ ಜಿಲ್ಲೆಯಲ್ಲಿ ಎಳ್ಳ ಅಮಾವಾಸ್ಯೆ ಹತ್ತಿರ ಬಂತೆಂದು ತಿಳಿಯಲು ಪಂಚಾಂಗ ಬೇಡ. ನಸುಕಿನಲ್ಲಿ ಎದ್ದು ನೋಡಿದರೆ ಮನೆತನದ ವಾಟ್ಸಾಪ್ ಗುಂಪಿನಲ್ಲಿ ಐದು ವಾಯ್ಸ್ ಮೆಸೇಜು ಸಾಲಾಗಿ ಬಂದು ಕೂತಿರುತ್ತವೆ. ದೊಡ್ಡಪ್ಪ ಬರೆಯುವ ಆಸಾಮಿಯಲ್ಲ. ಮೊದಲನೆಯದರಲ್ಲಿ ಬರೀ ಕೆಮ್ಮು. ಎರಡನೆಯದರಲ್ಲಿ "ಇದು ಹೋಗಾಕತ್ತೈತೇನು?" ಎಂಬ ಪ್ರಶ್ನೆ. ಮೂರನೆಯದು ದೊಡ್ಡವ್ವನ ಜೊತೆ ನಡೆದ ಯಾವುದೋ ಜಗಳದ ತುಂಡು. ನಾಲ್ಕನೆಯದು ಗಾಳಿ. ವಿಷಯ ಇರುವುದು ಐದನೆಯದರಲ್ಲಿ: "ಎಲ್ಲಾರೂ ಕೇಳ್ರಿ. ಚರಗಕ್ಕ ಎಲ್ಲಾರೂ ಬರಬೇಕು. ನೆವಾ ನಡ್ಯಂಗಿಲ್ಲ. ಬೆಂಗಳೂರಾಗ ಇದ್ದಾವ್ರಿಗೂ ಸೇರಿಸೇ ಹೇಳಾಕತ್ತೀನಿ. ಫಾರಂ ಹೌಸಿನಾಗ ಎಲ್ಲಾ ವ್ಯವಸ್ಥಾ ಆಗೈತಿ."

ಫಾರಂ ಹೌಸ್ ಎಂದರೆ ಎರೆಹೊಲದ ಬದುವಿಗೆ ಒರಗಿ ನಿಂತ ತಗಡಿನ ಶೆಡ್ಡು. ಎರಡು ಖೋಲಿ. ಒಂದರಲ್ಲಿ ಎಣ್ಣೆ ಹೊಡೆಯುವ ಪಂಪು, ಸುಟ್ಟ ಸ್ಟಾರ್ಟರು, ಖಾಲಿ ಗೊಬ್ಬರದ ಚೀಲ, ಎತ್ತು ಮಾರಿದ ಮೇಲೂ ಉಳಿದುಕೊಂಡ ಒಂದು ನೊಗ. ಇನ್ನೊಂದರಲ್ಲಿ ನುಲಿ ಸಡಿಲಾದ ಹೊರಸು. ಅದರಲ್ಲಿ ಕೂತವರು ಏಳಬೇಕಾದರೆ ಇಬ್ಬರು ಕೈ ಹಿಡಿದು ಎಳೆಯಬೇಕು. ಬಾಗಿಲ ಮೇಲೆ ಸುಣ್ಣದಲ್ಲಿ ಬರೆದ 'ಶ್ರೀ ಗವಿಸಿದ್ಧೇಶ್ವರ ಪ್ರಸನ್ನ'. ಇನ್ನು "ಎಲ್ಲಾ ವ್ಯವಸ್ಥಾ" ಎಂದರೆ ಈ ವರ್ಷ ಹೊಸದಾಗಿ ತಂದ ಒಂದು ಪ್ಲಾಸ್ಟಿಕ್ ಬಕೆಟ್ಟು.

ಮನೆತನಕ್ಕೊಬ್ಬ ಇಂಥವನು ಇದ್ದೇ ಇರುತ್ತಾನೆ. ಹೊಲವನ್ನು ಯಾವಾಗಲೋ ಲಾವಣಿಗೆ ಕೊಟ್ಟಿರುತ್ತಾನೆ, ಬಿತ್ತುವುದು ಬೆಳೆಯುವುದು ಬೇರೆಯವರು. ಆದರೆ ಎಳ್ಳ ಅಮಾವಾಸ್ಯೆಯ ದಿನ ಮಾತ್ರ ಮಣ್ಣು ಮುಟ್ಟಿ, ಬಾಯಲ್ಲಿಟ್ಟು ನೋಡುವುದೊಂದನ್ನು ಬಿಟ್ಟು ಉಳಿದೆಲ್ಲ ಪರೀಕ್ಷೆ ಮಾಡಿ, "ಈ ಸಲ ಹಿಂಗಾರಿ ಅಡ್ಡಿ ಇಲ್ಲ" ಎಂದು ಘೋಷಿಸುತ್ತಾನೆ. ಕೆಲವು ಮನೆತನಗಳಲ್ಲಿ ಆತ ರಿಟೈರಾದ ಮಾಸ್ತರ, ಕೆಲವುಗಳಲ್ಲಿ ಸೊಸೈಟಿ ಸೆಕ್ರೆಟರಿ. ನಮ್ಮ ದೊಡ್ಡಪ್ಪ ಬಸ್ ಕಂಡಕ್ಟರ್ ಆಗಿದ್ದವನು. ಇದು ಮುಖ್ಯ. ಇದರಿಂದಾಗಿ ನಮ್ಮ ಹಬ್ಬ ಬೇರೆಯವರ ಹಬ್ಬಕ್ಕಿಂತ ಹತ್ತು ನಿಮಿಷ ಮೊದಲೇ ಹೊರಡುತ್ತದೆ.

ಎಲ್ಲ ರೂಟಿನಲ್ಲೂ ಓಡಾಡಿದವನಾದ್ದರಿಂದ ಆತನಿಗೆ ತನ್ನಂಥ ಇತರ ದೊಡ್ಡಪ್ಪಂದಿರೂ ಗೊತ್ತು. 1997ರಲ್ಲಿ ರಾಯಚೂರಿನಿಂದ ಬೇರೆಯಾದಾಗ ಜಿಲ್ಲೆಗೆ ಇದ್ದದ್ದು ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ, ನಾಲ್ಕೇ ತಾಲೂಕು. ಆತನ ಲೆಕ್ಕದಲ್ಲಿ ಈಗಲೂ ನಾಲ್ಕೇ. ಕುಕನೂರು, ಕನಕಗಿರಿ, ಕಾರಟಗಿ ಆಮೇಲೆ ಸೇರಿಸಿದ ಸ್ಟಾಪುಗಳು. ಗಂಗಾವತಿಯ ದೊಡ್ಡಪ್ಪನ ಬಗ್ಗೆ ಆತನಿಗೆ ಮರುಕ. ಕಾಲುವೆ ನೀರು, ಭತ್ತದ ದುಡ್ಡು, ಶೆಡ್ಡಿಗೆ ಟೈಲ್ಸು, ಕೂಡಲು ಸೋಫಾ, ಎಲ್ಲ ಉಂಟು. "ಆದ್ರ ಏನ ಮಾಡೂದು? ಅಮಾಸಿ ಹೊತ್ತಿಗೆ ಭತ್ತ ಕೊಯ್ದು ಮಷಿನ್ ಹೋಗಿರತೈತಿ. ಬರೀ ಕೂಳಿಗೆ ಚರಗ ಚೆಲ್ಲತಾರ." 2024ರ ಆಗಸ್ಟ್‌ನಲ್ಲಿ ತುಂಗಭದ್ರಾ ಅಣೆಕಟ್ಟಿನ 19ನೇ ಗೇಟಿನ ಚೈನು ತುಂಡಾಗಿ ಗೇಟೇ ಕೊಚ್ಚಿಹೋಯಿತಲ್ಲ, ಆ ರಾತ್ರಿ ತಾನು ಹೊಲದ ಮನೆಯಲ್ಲೇ ಇದ್ದೆ ಎಂದು ಹೇಳದ ದೊಡ್ಡಪ್ಪ ಗಂಗಾವತಿ ಸೀಮೆಯಲ್ಲಿ ಸಿಕ್ಕಿಲ್ಲವಂತೆ. ಗಿಣಿಗೇರಿ ಕಡೆಯವನು ಕಾರ್ಖಾನೆ ಚಿಮಣಿಯ ಹೊಗೆ ಯಾವ ದಿಕ್ಕಿಗಿದೆ ನೋಡಿ ಗುಡಾರ ಹಾಸುತ್ತಾನೆ, ಇಲ್ಲದಿದ್ದರೆ ಮೊಸರಿನ ಬಣ್ಣ ಬದಲಾಗುತ್ತದೆ. ಕುಷ್ಟಗಿಯವನದು ದಾಳಿಂಬೆ ತೋಟ. ಡ್ರಿಪ್ ಪೈಪು ತುಳಿಯಬೇಡಿ ಎಂದು ಒದರುವುದರಲ್ಲೇ ಹಬ್ಬ ಮುಗಿಯುತ್ತದೆ. ಆದರೆ ಆತನಿಗೊಂದು ಹೊಸ ಅಸ್ತ್ರ ಸಿಕ್ಕಿದೆ. 2025ರ ಮೇ ತಿಂಗಳಲ್ಲಿ ಕುಷ್ಟಗಿಗೆ ಮೊದಲ ರೈಲು ಬಂತು. ಅಲ್ಲಿಯವರೆಗೆ "ಬಸ್ಸಿಗೆ ಸೀಟು ಸಿಗಲಿಲ್ಲ ಕಾಕಾ" ಎಂದು ಹುಬ್ಬಳ್ಳಿಯಲ್ಲೇ ಉಳಿಯುತ್ತಿದ್ದ ಹುಡುಗರು ಈಗ ಬಾಯಿ ಮುಚ್ಚಿಕೊಂಡು ಬರುತ್ತಿದ್ದಾರೆ.

ನಮ್ಮದು ಯಲಬುರ್ಗಾ ಕಡೆಯ ಕಪ್ಪುನೆಲ. ಬಿಳಿಜೋಳ, ಕಡಲೆ, ಅಂಚಿಗೆ ನಾಲ್ಕು ಸಾಲು ಕುಸುಬಿ. ಎಳ್ಳ ಅಮಾವಾಸ್ಯೆಯ ಹೊತ್ತಿಗೆ ಜೋಳ ಎದೆಮಟ್ಟ ನಿಂತು ಭೂಮಿತಾಯಿ ತುಂಬಿದ ಬಸುರಿ, ಚರಗವೆಂದರೆ ಆಕೆಗೆ ಬಯಕೆಯ ಊಟ. ಇದನ್ನು ದೊಡ್ಡಪ್ಪ ಪ್ರತಿವರ್ಷ ಮಕ್ಕಳನ್ನು ಸಾಲಾಗಿ ನಿಲ್ಲಿಸಿ ವಿವರಿಸುತ್ತಾನೆ. ಹಿಂದಿನಿಂದ ದೊಡ್ಡವ್ವ, "ಭೂಮ್ತಾಯಿಗೆ ವರ್ಸಕ್ಕೊಮ್ಮೆ ಬಯಕಿ. ನಿಮ್ಮ ದೊಡ್ಡಪ್ಪಗ ದಿನಾ" ಎನ್ನುತ್ತಾಳೆ. ರಾತ್ರಿ ಮೂರಕ್ಕೆ ಎದ್ದು ಒಲೆ ಹಚ್ಚಿದವಳಿಗೆ ಅಷ್ಟು ಹೇಳುವ ಹಕ್ಕಿದೆ. ಎಳ್ಳು ಹಚ್ಚಿದ ಸಜ್ಜೆ ರೊಟ್ಟಿ, ಶೇಂಗಾ ಹೋಳಿಗೆ, ಕಡುಬು, ಪುಂಡಿಪಲ್ಯ, ಎಣಗಾಯಿ, ಗುರೆಳ್ಳು ಚಟ್ನಿ, ಕೆಂಪು ಖಾರ, ಮೊಸರನ್ನ. ಇಷ್ಟನ್ನೂ ಮಾಡಿದವರು ಹೆಂಗಸರು. "ನಾ ಮಾಡಿಸೀನಿ" ಎನ್ನುವವನು ಒಬ್ಬ.

ಆತನ ಠೇಂಕಾರ ಹೆಚ್ಚಾದದ್ದು ಈಚೆಗೆ. ಬೆಂಗಳೂರಿನ ಮೊಮ್ಮಗನೊಬ್ಬ ಆನೆಗೊಂದಿ ಪಕ್ಕದ ಸಾಣಾಪುರಕ್ಕೆ ಗೆಳೆಯರ ಜೊತೆ ಹೋಗಿದ್ದ. ಅಲ್ಲಿ ಹುಲ್ಲಿನ ಗುಡಿಸಲೊಂದರಲ್ಲಿ ಒಂದು ರಾತ್ರಿ ಮಲಗಲು ಕೊಟ್ಟ ಬಾಡಿಗೆಯನ್ನು ಬಾಯಿ ತಪ್ಪಿ ಹೇಳಿಬಿಟ್ಟ. ದೊಡ್ಡಪ್ಪ ಎರಡು ಸಲ ಕೇಳಿಸಿಕೊಂಡ. ಫ್ಯಾನ್ ಇತ್ತಾ? ಇರಲಿಲ್ಲ. ಕೆರೆ ಕಪ್ಪೆ ಒದರತಿದ್ವಾ? ಒದರುತ್ತಿದ್ದವು, ಅದಕ್ಕೇ ಅಷ್ಟು ರೇಟು. ಅಂದಿನಿಂದ ದೊಡ್ಡಪ್ಪ ಶೆಡ್ಡಿಗೆ ಬಂದವರನ್ನೆಲ್ಲ ತಲೆಗಿಷ್ಟು ಎಂದು ಮನಸ್ಸಿನಲ್ಲೇ ಟಿಕೆಟ್ ಹರಿಯುತ್ತಾನೆ. ಊಟದ ನಂತರ ಒಟ್ಟು ಮೊತ್ತವನ್ನು ಗಟ್ಟಿಯಾಗಿ ಹೇಳುವುದೂ ಉಂಟು. ವಿರೂಪಾಪುರ ಗಡ್ಡಿಯ ರಿಸಾರ್ಟುಗಳನ್ನು ಸುಪ್ರೀಂ ಕೋರ್ಟಿನ ತೀರ್ಪಿನ ಮೇಲೆ 2020ರಲ್ಲಿ ನೆಲಸಮ ಮಾಡಿದ ಸುದ್ದಿಯನ್ನೂ ಆತ ತನ್ನ ಶೆಡ್ಡಿನ ಪರವಾಗಿಯೇ ಅರ್ಥ ಮಾಡಿಕೊಂಡಿದ್ದಾನೆ. "ಅಷ್ಟಷ್ಟು ದೊಡ್ಡವು ಬಿದ್ದೂವು. ನಮ್ಮದು ನೋಡು, ಹ್ಯಾಂಗ ನಿಂತೈತಿ."

ಹಾಗೆ ನೋಡಿದರೆ ನಮ್ಮ ಶೆಡ್ಡೂ ಕೋರ್ಟಿನಲ್ಲೇ ಇದೆ.

ಅಜ್ಜನದು 24 ಎಕರೆ. ಮೂವರು ಮಕ್ಕಳಿಗೆ ಎಂಟೆಂಟು. ಪಾಲಾದಾಗ ಎಲ್ಲ ಹಿರಿಯರ ಎದುರಿಗೆ, ಎಲೆ ಅಡಿಕೆ ಹಿಡಿದು, ಚೆಂದವಾಗಿಯೇ ಆಯಿತು. ಆಮೇಲೆ ಸಣ್ಣ ಕಾಕಾ ಹಗ್ಗ ಹಿಡಿದು ಅಳೆದ. ಶೆಡ್ಡಿನ ಹಿಂದಿನ ಗೋಡೆ ಬದುವನ್ನು ನುಂಗಿದೆ ಎಂದ. ದೊಡ್ಡಪ್ಪ, ಬದುವೇ ಸರಿದು ಬಂದು ಗೋಡೆಗೆ ತಾಗಿದೆ ಎಂದ. ನಮ್ಮಪ್ಪ ಇಬ್ಬರಿಗೂ "ಹೌದು, ಹೌದು" ಎಂದ. ಕೊನೆಗೆ ಶೆಡ್ಡು ದೊಡ್ಡಪ್ಪನ ಪಾಲಿಗೆ, ಬನ್ನಿಗಿಡ ಕಾಕಾನ ಪಾಲಿಗೆ, ಎರಡು ಮೊಳದ ಬದು ಯಲಬುರ್ಗಾ ಕೋರ್ಟಿನ ಪಾಲಿಗೆ ಹೋಯಿತು. ಆ ಬದುವಿನಲ್ಲಿ ಬೆಳೆಯುವುದು ಕರಿಕೆ ಮಾತ್ರ. ಅಷ್ಟೂ ವರ್ಷ ವಕೀಲರಿಗೆ ಕೊಟ್ಟ ಫೀಜಿನಲ್ಲಿ ಒಂದು ಎಕರೆ ಕೊಳ್ಳಬಹುದಿತ್ತೆಂದು ನಮ್ಮಪ್ಪ ಲೆಕ್ಕ ಹಾಕಿ ತೋರಿಸಿದಾಗ, ಅಣ್ಣ ತಮ್ಮ ಇಬ್ಬರೂ ಸೇರಿ ನಮ್ಮಪ್ಪನ ಜೊತೆ ಮಾತು ಬಿಟ್ಟಿದ್ದರು.

ಆದರೆ ಹಬ್ಬದ ದಿನ ಪೂಜಿಸುವ ಪಾಂಡವರು ಕೂಡುವುದು ಬನ್ನಿಗಿಡದ ಬುಡದಲ್ಲಿ. ಐದು ಕಲ್ಲು ತೊಳೆದು, ಸುಣ್ಣ ಬಳಿದು, ಕುಂಕುಮ ಹಚ್ಚಿ, ಪೂಜೆ ಆಗಬೇಕಾದದ್ದು ಅಲ್ಲೇ. ಅಜ್ಜ ಅಲ್ಲೇ ಮಾಡುತ್ತಿದ್ದ. ಹಾಗಾಗಿ ಪ್ರತಿವರ್ಷ ಪ್ರತಿವಾದಿಯು ವಾದಿಗೆ ತಾನೇ ಫೋನು ಹಚ್ಚುತ್ತಾನೆ. "ಏ ತಮ್ಮಾ, ಕೇಸಿಂದು ಕೋರ್ಟಿನಾಗ ನೋಡೂಣು. ಪಾಂಡವ್ರು ನಿನ್ನ ಪಾಲಿನಾಗ ಅದಾರ. ನೀ ಇಲ್ದ ಹ್ಯಾಂಗ?" ಆ ಕಡೆಯಿಂದ ಕಾಕಾ, "ನಾ ಬರಂಗಿಲ್ಲಣ್ಣ" ಎನ್ನುತ್ತಾನೆ. ಸ್ವಲ್ಪ ಹೊತ್ತಿನ ಮೇಲೆ, "ಸುಣ್ಣ ನೀ ತರತೀಯೋ, ನಾ ತರಲೋ?" ಎನ್ನುತ್ತಾನೆ.

ಹಬ್ಬದ ದಿನ ಹಿಂದೆಲ್ಲ ಕೊಲ್ಲಾರಿ ಬಂಡಿ ಕಟ್ಟುತ್ತಿದ್ದರು. ಈಗ ಟ್ರ್ಯಾಕ್ಟರ್ ಟ್ರಾಲಿ. ದೊಡ್ಡಪ್ಪ ಹಿಂದೆ ನಿಂತು, "ಒಳಗ ಸರೀರಿ, ಒಳಗ ಜಾಗಾ ಐತಿ" ಎಂದು ತುಂಬುತ್ತಾನೆ. ಟ್ರಾಲಿಗೆ ಒಳಗು ಎಂಬುದೇ ಇಲ್ಲ, ಆದರೂ ಜನ ಸರಿಯುತ್ತಾರೆ. ಬುಟ್ಟಿ, ಕೂಸು, ಬೀಗರು ಎಲ್ಲ ಹತ್ತಿದ ಮೇಲೆ ಬಾಯಲ್ಲೇ ಸೀಟಿ ಊದಿ "ರೈಟ್" ಎನ್ನುತ್ತಾನೆ. ಟ್ರ್ಯಾಕ್ಟರಿನ ಹುಡುಗ ಸದ್ದಿಗೆ ಏನೂ ಕೇಳದೆ ಆಗಲೇ ಹೊರಟಿರುತ್ತಾನೆ.

ಹೊಲಕ್ಕೆ ಬಂದ ಬೆಂಗಳೂರಿನ ಸೊಸೆ ಸಂಕೋಚದಿಂದ ಬಾತ್‌ರೂಮ್ ಕೇಳಿದರೆ ದೊಡ್ಡವ್ವ ಚರಿಗೆ ಕೈಗಿಟ್ಟು ಜೋಳದ ಕಡೆ ಕೈ ತೋರಿಸುತ್ತಾಳೆ. ಮಕ್ಕಳು ಬಿಳಿ ಬೂಟು ಹಾಕಿಕೊಂಡು ಕಡಲೆ ಸಾಲಿನಲ್ಲಿ ಓಡಿ ಬೂಟಿಗೆಲ್ಲ ಹುಳಿ ಹತ್ತಿಸಿಕೊಂಡು ಬರುತ್ತವೆ. ಬೇವಿನ ನೆರಳಿನಲ್ಲಿ ಒಳ್ಳೆಯ ಜಾಗ ನೋಡಿ ಅಳಿಯಂದಿರು ಟವೆಲ್ ಹಾಸಿಟ್ಟು ಕಡಲೆಗಿಡ ಕೀಳಲು ಹೋದರೆ, ದೊಡ್ಡಪ್ಪ ಒಂದೊಂದೇ ಟವೆಲ್ ಎತ್ತಿ ಗಿಡದ ಟೊಂಗೆಗೆ ಹಾಕುತ್ತಾನೆ. ಮೂವತ್ತು ವರ್ಷ ಕಿಟಕಿಯಿಂದ ಟವೆಲ್ ಒಗೆದು ಸೀಟು ಹಿಡಿಯುವವರ ಜೊತೆ ಜಗಳಾಡಿದ ಮನುಷ್ಯ. "ಜಾಗಾ ಹಿಡಿಯೂದು ನಡ್ಯಂಗಿಲ್ಲ. ಮೊದಲು ಹೆಣಮಕ್ಕಳು, ವಯಸ್ಸಾದಾವ್ರು." ಅಳಿಯಂದಿರಿಗೆ ಇಷ್ಟು ನಿಷ್ಠುರ ಹೇಳಿ ದಕ್ಕಿಸಿಕೊಂಡವನು ನಮ್ಮ ಬೀಗಸ್ತನದ ಇತಿಹಾಸದಲ್ಲಿ ಬೇರೆ ಯಾರೂ ಇಲ್ಲ.

ಪೂಜೆಯಾದ ಮೇಲೆ ಚರಗ. ಮಾಡಿದ ಅಡುಗೆಯನ್ನೆಲ್ಲ ಬುಟ್ಟಿಯಲ್ಲಿ ಕಲೆಸಿಕೊಂಡು ಮುಂದಿನವನು ಕೂಗುತ್ತ ಚೆಲ್ಲಬೇಕು, ಹಿಂದಿನವನು ತಂಬಿಗೆಯ ನೀರು ಚಿಮುಕಿಸುತ್ತ ಓಗೊಡಬೇಕು. ಮುಂದೆ ದೊಡ್ಡಪ್ಪ, ಅದರಲ್ಲಿ ಚರ್ಚೆಯಿಲ್ಲ. ಹಿಂದೆ ಕಾಕಾ. ಬೇರೆ ಯಾರಾದರೂ ತಂಬಿಗೆ ಹಿಡಿದರೆ ದೊಡ್ಡಪ್ಪನಿಗೆ ದನಿಯೇ ಏಳುವುದಿಲ್ಲ. ಒಮ್ಮೆ ಕಾಕಾನಿಗೆ ಜ್ವರ ಬಂದು ನಾನು ಹಿಂದೆ ನಿಂತಿದ್ದೆ. ನನ್ನ ಓಗೊಡುವಿಕೆ ಕೇಳಿ, "ಏನೋ, ಆಫೀಸಿನಾಗ ಹಾಜರಿ ಹೇಳಿದಂಗ ಹೇಳತಿ" ಎಂದು ಅರ್ಧಕ್ಕೇ ನಿಲ್ಲಿಸಿ, ಜ್ವರದವನನ್ನೇ ಎಬ್ಬಿಸಿ ಕರೆಸಿದ.

ಅಣ್ಣ ತಮ್ಮ ಜೋಳದ ಸಾಲು ಹಿಡಿದು ಹೊರಟರೆ ನೋಡಬೇಕು. ದೊಡ್ಡಪ್ಪನ ಎಂಟು ಎಕರೆ ಮುಗಿಯುತ್ತದೆ, ಬದು ಬರುತ್ತದೆ. ಯಲಬುರ್ಗಾದಲ್ಲಿ ನಕಾಶೆ ಸಮೇತ ಫೈಲಿನೊಳಗಿರುವ ಬದು. ಕಾಲು ಎತ್ತಿ ದಾಟುತ್ತಾನೆ. ಹಿಂದಿನಿಂದ ಕಾಕಾ, "ಅಣ್ಣಾ, ಕಲ್ಲ ಐತಿ, ನೋಡಿ ಇಡು" ಎನ್ನುತ್ತಾನೆ. ಕೋರ್ಟಿನಲ್ಲಿ ಅಣ್ಣನೇ ರಾತ್ರೋರಾತ್ರಿ ಸರಿಸಿದ ಎಂದು ದೂರಿರುವ ಅದೇ ಕಲ್ಲು. ಕಾಕಾನ ಪಾಲಿಗೆ ಚೆಲ್ಲಿ, ನಮ್ಮಪ್ಪನ ಪಾಲಿಗೆ ಚೆಲ್ಲಿ, ಆಮೇಲೆ ಅಕ್ಕನ ಮದುವೆಗೆಂದು ನಮ್ಮಪ್ಪ ಯಾವಾಗಲೋ ಮಾರಿದ ಎರಡು ಎಕರೆಗೂ ಬುಟ್ಟಿ ಹೊತ್ತು ಇಳಿಯುತ್ತಾರೆ. ಅಲ್ಲಿ ಈಗಿನ ಮಾಲೀಕರ ಮನೆತನದ ದೊಡ್ಡಪ್ಪ ಬೆಳಿಗ್ಗೆಯೇ ಚೆಲ್ಲಿಹೋಗಿರುತ್ತಾನೆ. ಜಿಲ್ಲೆಯಲ್ಲಿ ಎರಡು ಸಲ ಉಣ್ಣುವ ಹೊಲ ಅದೊಂದೇ ಇರಬೇಕು. ಮಾರಿದ ಹೊಲಕ್ಕೆ ಯಾಕೆ ಎಂದು ಮೊಮ್ಮಗನೊಬ್ಬ ಕೇಳಿದ್ದಕ್ಕೆ, "ಮಾರಿದ್ದು ನಾವು. ಅದಕ್ಕೇನ ಗೊತ್ತು?" ಎಂದ.

ಊಟಕ್ಕೆ ಕಾಕಾ ಬೇಕೆಂದೇ ಶೆಡ್ಡಿನ ಹಿಂದಿನ ಗೋಡೆಗೆ ಒರಗಿ ಕೂಡುತ್ತಾನೆ. "ಒತ್ತುವರಿ ಗೋಡಿ ಆದ್ರೂ ನೆರಳ ಚೊಲೊ ಕೊಡತೈತಿ" ಎನ್ನುತ್ತಾನೆ. ದೊಡ್ಡಪ್ಪ ಅವನ ತಾಟಿಗೆ ಇನ್ನೊಂದು ಹೋಳಿಗೆ ಹಾಕಿ, ಮೇಲೆ ತುಪ್ಪ ಸುರಿದು, "ಉಣ್ಣು. ಸಾಕ್ಷಿ ಹೇಳಾಕ ಶಕ್ತಿ ಬೇಕು" ಎನ್ನುತ್ತಾನೆ. ನೆಗೆಣ್ಣಿಯರು ಮುಸಿಮುಸಿ ನಗುತ್ತ ಕೆಂಪು ಖಾರ ದಾಟಿಸುತ್ತಾರೆ. ಊಟದ ನಂತರ ಗಂಡಸರು ಎಲ್ಲಿದ್ದರೋ ಅಲ್ಲೇ ಅಡ್ಡಾಗುತ್ತಾರೆ, ಹೆಂಗಸರು ಪಾತ್ರೆ ಬಳಿಯುತ್ತಾರೆ, ಹುಡುಗರು ನೆಟ್‌ವರ್ಕ್ ಹುಡುಕುತ್ತ ಬದು ಹತ್ತುತ್ತಾರೆ. ನೆಟ್‌ವರ್ಕ್ ಚೆನ್ನಾಗಿ ಸಿಗುವುದು ಆ ವ್ಯಾಜ್ಯದ ಎರಡು ಮೊಳದಲ್ಲೇ. ಇದು ಇನ್ನೂ ವಕೀಲರ ಗಮನಕ್ಕೆ ಬಂದಿಲ್ಲ.

ಸಂಜೆ ಟ್ರಾಲಿ ಹತ್ತುವಾಗ ತಲೆ ಎಣಿಕೆ. ಬರುವಾಗ ಇದ್ದದ್ದಕ್ಕಿಂತ ಒಂದು ಯಾವಾಗಲೂ ಕಡಿಮೆ. ಎಲ್ಲರೂ ಗಾಬರಿಯಾಗಿ ಜೋಳದೊಳಗೆ ಹೊಕ್ಕು ಹೆಸರು ಹಿಡಿದು ಕೂಗುತ್ತಾರೆ. ಕಂಡಕ್ಟರ್ ತನ್ನನ್ನು ತಾನು ಎಣಿಸಿಕೊಳ್ಳುವುದಿಲ್ಲ ಎಂಬುದು ಗೊತ್ತಿರುವ ದೊಡ್ಡವ್ವ ಮಾತ್ರ ಅಲ್ಲಾಡದೆ ಕೂತಿರುತ್ತಾಳೆ. ಆಕೆಯ ಚಿಂತೆ ಬೇರೆ: ತನ್ನ ಸ್ಟೀಲಿನ ಡಬ್ಬಿ ಚಿಗವ್ವನ ಚೀಲದೊಳಗೆ ಹೋಗಿದೆ. ಡಬ್ಬಿಯ ಬುಡದಲ್ಲಿ ಹೆಸರು ಕೆತ್ತಿಸಿದೆ. ಆದರೆ ಅದು ಅತ್ತೆಯ ಹೆಸರು, ಇಬ್ಬರಿಗೂ ಒಬ್ಬಳೇ ಅತ್ತೆ. ಬದುವಿನ ಕೇಸು ಎಂದಾದರೂ ಇತ್ಯರ್ಥವಾದೀತು, ಇದು ಆಗುವುದಿಲ್ಲ.

ದೊಡ್ಡಪ್ಪ ಆಗಲೇ ಮುಂದಿನ ಕೆಲಸಕ್ಕೆ ಹೊರಳಿರುತ್ತಾನೆ. ಅಮಾವಾಸ್ಯೆ ಕಳೆದು ಎರಡೂವರೆ ವಾರಕ್ಕೆ ಕೊಪ್ಪಳದಲ್ಲಿ ಗವಿಮಠದ ತೇರು. ಊರೂರಿನಿಂದ ದಾಸೋಹಕ್ಕೆ ಟ್ರ್ಯಾಕ್ಟರಿನಲ್ಲಿ ರೊಟ್ಟಿ ಹೋಗುತ್ತವೆ, ನಮ್ಮ ಮನೆತನದ್ದೂ ಹೋಗಬೇಕು. ಎಷ್ಟು ರೊಟ್ಟಿ ಎಂದು ಆತ ಘೋಷಿಸುವಾಗ ಹೆಂಗಸರೆಲ್ಲ ಒಟ್ಟಾಗಿ ಬೇರೆ ಕಡೆ ನೋಡುತ್ತಾರೆ. ಅದಾದ ಮೇಲೆ ನೆನಪಾಗಿ ಕಾಕಾನ ಕಡೆ ತಿರುಗಿ, "ಹನ್ನೆರಡನೇ ತಾರೀಖಿಗೆ ಡೇಟ್ ಐತಿ, ಗೊತ್ತೈತಿಲ್ಲ?" ಎಂದ.

"ಗೊತ್ತೈತಿ. ನಮ್ಮ ವಕೀಲರು ಫೋನ್ ಮಾಡಿದ್ರು."

"ನಿಮ್ಮಾವ್ರು ಡೇಟಿಗೆ ಎಷ್ಟ ತಗೋತಾರ?"

ಕಾಕಾ ಹೇಳಿದ. ದೊಡ್ಡಪ್ಪನ ಮುಖ ಸಣ್ಣದಾಯಿತು. "ನಮ್ಮಾಂವ ಭಾಳ ತಗೋತಾನ" ಎಂದು ತುಸು ಹೊತ್ತು ಸುಮ್ಮನಿದ್ದು, "ಬೈಕ್ ತರಬ್ಯಾಡ. ಪೆಟ್ರೋಲ್ ದಂಡ. ಏಳೂವರಿ ಬಸ್ಸಿಗೆ ಹೋಗೂಣು. ಗದ್ದಲ ಇರತೈತಿ, ನಾ ಮೊದಲ ಬಂದು ಕಿಡಿಕ್ಯಾಗಿಂದ ಟವೆಲ್ ಒಗದಿರತೀನಿ, ನಿನಗೂ ಸೇರಿಸಿ" ಎಂದ.