ಹಿತ್ತಲ ಮೀಮಾಂಸೆ: ಓವೆನ್ಸ್ ಸಹೋದರಿಯರ ಮಾಟವನ್ನು ಕುರಿತು

ಯಾವುದೇ ಶಾಸ್ತ್ರವು ವಿಷಯ, ಸಂಬಂಧ, ಅಧಿಕಾರಿ, ಪ್ರಯೋಜನಗಳೆಂಬ ಅನುಬಂಧ ಚತುಷ್ಟಯವನ್ನು ಆರಂಭದಲ್ಲಿಯೇ ನಿರೂಪಿಸಬೇಕೆಂಬುದು ಪೂರ್ವಸೂರಿಗಳ ಕಟ್ಟಳೆಯಾಗಿರುವುದರಿಂದ, ಪ್ರಸ್ತುತ ಶಾಸ್ತ್ರದ ವಿಷಯವು ಅಮೆರಿಕದ ಲೇಖಕಿ ಆಲಿಸ್ ಹಾಫ್‌ಮನ್ 1995ರಲ್ಲಿ ಪ್ರಕಟಿಸಿದ 'ಪ್ರಾಕ್ಟಿಕಲ್ ಮ್ಯಾಜಿಕ್' ಕಾದಂಬರಿಯಲ್ಲಿನ ಮನೆತನದ ಮಾಟವೆಂದೂ, ಸಂಬಂಧವು ಅಕ್ಕತಂಗಿಯರದೆಂದೂ, ಅಧಿಕಾರಿ, ಎಂದರೆ ಇದನ್ನು ಓದುವ ಅರ್ಹತೆಯುಳ್ಳವಳು, ತಂಗಿಯ ತಪ್ಪಿಗೆ ತಾನು ಬೈಸಿಕೊಂಡ ಅಕ್ಕನೆಂದೂ ತಿಳಿಯತಕ್ಕದ್ದು. ಪ್ರಯೋಜನದ ವಿಷಯದಲ್ಲಿ ವಿದ್ವಾಂಸರಿಗೆ ಒಮ್ಮತವಿಲ್ಲ.

'ಹಿತ್ತಲ ಗಿಡ ಮದ್ದಲ್ಲ' ಎಂಬ ಗಾದೆಯು ಇಲ್ಲಿ ಪೂರ್ವಪಕ್ಷ, ಅಂದರೆ ಖಂಡಿಸುವುದಕ್ಕೆಂದೇ ಮೊದಲು ಮಂಡಿಸುವ ವಾದ. ಮ್ಯಾಸಚೂಸೆಟ್ಸ್ ಪ್ರಾಂತದ ಊರೊಂದರಲ್ಲಿ, ಇನ್ನೂರಕ್ಕೂ ಹೆಚ್ಚು ವರ್ಷಗಳಿಂದ ಏನು ಕೆಟ್ಟರೂ ಓವೆನ್ಸ್ ಮನೆಯ ಹೆಂಗಸರನ್ನೇ ದೂರುತ್ತ ಬಂದ ಸಂಸಾರಗಳ ಹೆಣ್ಣುಮಕ್ಕಳೇ, ಮುಸ್ಸಂಜೆಯಾದೊಡನೆ ಪ್ರೇಮದ ಮದ್ದನ್ನರಸಿ ಅದೇ ಮನೆಯ ಹಿಂಬಾಗಿಲು ತಟ್ಟುವುದರಿಂದ, ಗಾದೆಯು ಸ್ವಂತ ಹಿತ್ತಲಿಗೆ ಮಾತ್ರ ಅನ್ವಯಿಸುತ್ತದೆಂದೂ, ನೆರೆಯವರ ಹಿತ್ತಲ ಗಿಡವು ಕತ್ತಲಾದ ಮೇಲೆ ಮದ್ದೇ ಎಂದೂ ಸಿದ್ಧವಾಗುತ್ತದೆ. ಆದರೆ ಈ ಮಾಟದ ಸಹವಾಸವೇ ಬೇಡವೆಂದು ಲಾಂಗ್ ಐಲೆಂಡಿಗೆ ಹೋಗಿ ನೆಲಸಿದ ಅಕ್ಕ ಸ್ಯಾಲಿಯ ಹಿತ್ತಲಲ್ಲಿ, ತಂಗಿ ಜಿಲಿಯನ್ ಕಾರಿನಲ್ಲಿ ಹಾಕಿಕೊಂಡು ಬಂದ ಪ್ರಿಯಕರನ ಹೆಣವನ್ನು ಇಬ್ಬರೂ ಸೇರಿ ಹೂತ ಮೇಲೆ, ಅಲ್ಲಿನ ಲೈಲ್ಯಾಕ್ ಪೊದೆಯು ಮಿತಿಮೀರಿ ಬೆಳೆದು ಹೂ ಬಿಟ್ಟು ಊರಿಗೆಲ್ಲ ಪರಿಮಳ ಬೀರತೊಡಗಿದ್ದನ್ನು ಗಮನಿಸಿದರೆ, ಕೆಲವು ಹಿತ್ತಲ ಗಿಡಗಳು ಮದ್ದಲ್ಲದಿದ್ದರೂ ಸಾಕ್ಷಿಗಳಾಗಬಲ್ಲವೆಂಬ ಉಪಸಿದ್ಧಾಂತವೂ ಲಭಿಸುತ್ತದೆ.

ಇನ್ನು ಪ್ರಮಾಣದ, ಅಂದರೆ ಅರಿವಿನ ಸಾಧನದ, ವಿಚಾರ. ಮರದೊಳಗಿಂದ ಟಕಟಕನೆ ಕೇಳಿಬರುವ 'ಡೆತ್‌ವಾಚ್' ಜೀರುಂಡೆಯ ಸದ್ದು ಸಾವಿನ ಮುನ್ಸೂಚನೆಯೆಂಬ ಯೂರೋಪಿನ ಹಳೆಯ ನಂಬಿಕೆಯು ಓವೆನ್ಸ್ ಮನೆಯಲ್ಲಿಯೂ ಸಲ್ಲುತ್ತದೆ. ಕೀಟಶಾಸ್ತ್ರಜ್ಞರಾದರೋ ಆ ಹುಳವು ಮರಕ್ಕೆ ತಲೆ ಕುಟ್ಟುವುದು ಸಂಗಾತಿಯನ್ನು ಕರೆಯುವುದಕ್ಕೆಂದು ಹೇಳುತ್ತಾರೆ. ಆ ಸದ್ದಿಗೂ ಸಾವಿಗೂ ತಾಳೆಬೀಳುವುದು ಕಾಕತಾಲೀಯ, ಅಂದರೆ ಕಾಗೆ ಕೂರುವುದಕ್ಕೂ ಕೊಂಬೆ ಮುರಿಯುವುದಕ್ಕೂ ಸರಿಹೋದಂತೆ, ಎಂದು ತಾರ್ಕಿಕರು ತಳ್ಳಿಹಾಕಬಹುದಾದರೂ, ಈ ಮನೆತನದಲ್ಲಿ ಪ್ರೇಮದ ಕರೆಗೂ ಸಾವಿನ ಕರೆಗೂ ಹೆಚ್ಚಿನ ಅಂತರವಿಲ್ಲದಿರುವುದರಿಂದ, ಹುಳವು ಉಭಯಾರ್ಥದಲ್ಲಿಯೂ ಸರಿಯಾಗಿಯೇ ಕುಟ್ಟಿದೆಯೆಂದು ತೀರ್ಮಾನಿಸಬೇಕಾಗುತ್ತದೆ.

ಈಗ ಸಿದ್ಧಾಂತ. ಮಾಟವು ದ್ವಿಕರ್ತೃಕ, ಎಂದರೆ ಇಬ್ಬರಿಲ್ಲದೆ ಪೂರೈಸದ ಕ್ರಿಯೆ. ಒಬ್ಬಳು ಮಾಡಬೇಕು, ಇನ್ನೊಬ್ಬಳು ಮಾಡಿದ್ದನ್ನು ಬಳಿದು ಸಾರಿಸಬೇಕು. ಮೂರು ತಲೆಮಾರುಗಳಲ್ಲಿಯೂ ಫ್ರಾನ್ಸಿಸ್ ಮತ್ತು ಜೆಟ್, ಸ್ಯಾಲಿ ಮತ್ತು ಜಿಲಿಯನ್, ಆಂಟೋನಿಯಾ ಮತ್ತು ಕೈಲಿ ಎಂದು ಹೆಣ್ಣುಗಳು ಜೋಡಿಯಾಗಿಯೇ ಬಂದಿರುವುದೂ, ಸ್ಯಾಲಿ-ಜಿಲಿಯನ್ನರನ್ನು ಸಾಕಿದ ಮುದುಕಿಯರಾದ ಫ್ರಾನ್ಸಿಸ್ ಮತ್ತು ಜೆಟ್ ಮಕ್ಕಳ ಊಟ ನಿದ್ದೆಗಳ ಗೊಡವೆಗೆ ಹೋಗದಿದ್ದಾಗ ಬಾಲಕಿ ಸ್ಯಾಲಿಯೇ ಅಡುಗೆಯ ಭಾರ ಹೊತ್ತದ್ದೂ ಇದಕ್ಕೆ ಆಧಾರ. 2017ರ 'ದ ರೂಲ್ಸ್ ಆಫ್ ಮ್ಯಾಜಿಕ್' ಕಾದಂಬರಿಯಲ್ಲಿ ಆ ಮುದುಕಿಯರಿಗೆ ವಿನ್ಸೆಂಟ್ ಎಂಬ ತಮ್ಮನೊಬ್ಬ ಇದ್ದನೆಂದು ಸ್ವತಃ ಲೇಖಕಿಯೇ ಬರೆದಿರುವರಾದರೂ, ಸಿದ್ಧಾಂತಕ್ಕೆ ಬಾಧಕವಾಗುವ ಕಾರಣದಿಂದ ಆ ಭಾಗವನ್ನು ಪ್ರಕ್ಷಿಪ್ತ, ಎಂದರೆ ಯಾರೋ ಆಮೇಲೆ ಸೇರಿಸಿದ್ದು, ಎಂದು ಪರಿಗಣಿಸಲಾಗಿದೆ.

ಕಾರಣವಿದ್ದರೆ ಕಾರ್ಯ, ಇಲ್ಲದಿದ್ದರೆ ಇಲ್ಲವೆಂದು ಒರೆಹಚ್ಚುವ ಅನ್ವಯ-ವ್ಯತಿರೇಕಗಳಿಂದಲೂ ಇದೇ ದೃಢಪಡುತ್ತದೆ. ಸ್ಯಾಲಿಗೆ ಒಲಿದ ಗ್ಯಾರಿ ಹ್ಯಾಲೆಟ್ ಅರಿಜೋನಾದಿಂದ ಬಂದದ್ದು ಸತ್ತವನ ತನಿಖೆಗೆ. ಜಿಲಿಯನ್ನಳನ್ನು ಗೆದ್ದ ಬೆನ್ ಫ್ರೈ ವಿಜ್ಞಾನದ ಮೇಷ್ಟರು, ಅವನಿಗೆ ಬರುತ್ತಿದ್ದ ಜಾದುವೆಲ್ಲ ಹವ್ಯಾಸದ ಕೈಚಳಕ. ಹೀಗೆ ಮಾಟವಿಲ್ಲದೆಯೂ ಪ್ರೇಮವು ಹುಟ್ಟುವುದರಿಂದ ಮಾಟವು ಪ್ರೇಮಕ್ಕೆ ಕಾರಣವಲ್ಲ. ಅಕ್ಕನಿಲ್ಲದೆ ಹೆಣ ಹೂಳಲಾಗದ್ದರಿಂದ ಉಳಿದೆಲ್ಲಕ್ಕೂ ಅಕ್ಕನೇ ಕಾರಣ.

ಫಲಶ್ರುತಿ: ಇದನ್ನು ಶ್ರದ್ಧೆಯಿಂದ ಓದುವ ತಂಗಿಯು ಅಪರಾತ್ರಿಯಲ್ಲಿ ಅಕ್ಕನಿಗೆ ಫೋನ್ ಮಾಡುವ ಧೈರ್ಯವನ್ನು ಪಡೆಯುತ್ತಾಳೆ; ಓದುವ ಅಕ್ಕನಾದರೋ, ಏನಾಯಿತೆಂದು ಕೇಳುವ ಮೊದಲೇ ಗುದ್ದಲಿ ಎಲ್ಲಿದೆಯೆಂದು ನೋಡಿಕೊಳ್ಳುತ್ತಾಳೆ.