ಕೂಲರ್‌ಕಿಂತ ಮೊದಲ ತಗಡಿನ ಮಾತು

ಬರ್ರಿ ಅಕ್ಕಾರ, ಬೇಲಿ ಕಡೆ ನೆರಳೈತಿ. ಕೂಲರ್ ತರಾಕ ಹುಬ್ಬಳ್ಳಿಗೆ ಹೊಂಟೀರಂತ ಕೇಳಿದೆ. ತರ್ರಿ, ಬ್ಯಾಡ ಅನ್ನಂಗಿಲ್ಲ. ಆದ್ರ ಅದಕ್ಕಿಂತ ಮೊದಲ ನೆತ್ತಿ ಮ್ಯಾಲಿನ ತಗಡಿಗೆ ಏನರ ಮಾಡ್ರಿ.

ನವಲಗುಂದ, ಅಣ್ಣಿಗೇರಿ ಕಡೆ ಹಿಂದೆಲ್ಲ ಮಣ್ಣಿನ ಮಾಳಿಗಿ. ತೊಲಿ, ಜಂತಿ, ಅದರ ಮ್ಯಾಲ ದಪ್ಪಗೆ ಮಣ್ಣು. ಮಧ್ಯಾಹ್ನದ ಬಿಸಲು ಆ ಮಣ್ಣು ದಾಟಿ ಒಳಗ ಇಳಿಯೂದ್ರಾಗ ಹೊತ್ತು ಮುಳುಗತಿತ್ತು. ಅಷ್ಟೊತ್ತಿಗೆ ಮಂದಿ ಹಾಸಿಗಿ ತಗೊಂಡು ಮಾಳಿಗಿ ಏರತಿದ್ರು. 2019ರ ಆಗಸ್ಟ್ ಮಳಿಗೆ ಬೆಣ್ಣಿಹಳ್ಳ, ತುಪ್ಪರಿಹಳ್ಳ ಉಕ್ಕಿ ಎಷ್ಟೋ ಮಣ್ಣಿನ ಗ್ವಾಡಿ ಬಿದ್ವು. ಮತ್ತ ಕಟ್ಟಿದವರಾಗ ಕೈ ಸಾಗಿದವರು ಸ್ಲ್ಯಾಬ್ ಹಾಕಿದ್ರು, ಸಾಗದವರು ತಗಡು ಹೊದಿಸಿದ್ರು. ಅವರದೇನು ತಪ್ಪು? ಮಣ್ಣಿನ ಮಾಳಿಗಿ ಅಂದ್ರ ಪ್ರತಿ ಮಳಿಗಾಲಕ್ಕ ಮುಂಚೆ ದುಡಿಮಿ. ಆದ್ರ ಬ್ಯಾಸಗ್ಯಾಗ ತಗಡು 60 ಡಿಗ್ರಿ ಮುಟ್ಟತೈತಿ, ಅದರ ಕೆಳಗ ಕೂಸು ತೊಟ್ಟಿಲದಾಗ ಮಲಗಿರತೈತಿ.

ಒಲಿ ಮುಂದ ಕುಂತ್ರ ಮಾರಿ ಸುಡತೈತಿ, ಬೆನ್ನು ತಣ್ಣಗ ಇರತೈತಿ ನೋಡ್ರಿ. ಸುಡೂದು ಗಾಳಿ ಅಲ್ಲ, ಕಿರಣ. ಕಾದ ತಗಡೂ ಹಂಗ ಇಡೀ ದಿನ ಕೆಳಗ ಶಾಖದ ಕಿರಣ ಸುರೀತೈತಿ. ಫ್ಯಾನ್ ತಿರುಗಿದ್ರೂ ಅದು ನಿಲ್ಲೂದಿಲ್ಲ. ತಗಡಿನ ಕೆಳಗ ಹೊಳೆಯೂ ಅಲ್ಯುಮಿನಿಯಂ ಹಾಳಿ ಹೊಡದ್ರ, ಅದು ಆ ಕಿರಣದಾಗ ನೂರಕ್ಕ ಸುಮಾರು 95 ಪಾಲು ತಿರುಗಿ ಕಳಸತೈತಿ. ತಾನ ಕಾದ್ರೂ ಕೆಳಗ ಬಿಡೂದು ಭಾಳ ಕಡಿಮಿ. 1973ರಾಗ ಅಮೆರಿಕಾದ ಬಾಹ್ಯಾಕಾಶ ನಿಲ್ದಾಣ ಸ್ಕೈಲ್ಯಾಬ್ ಮ್ಯಾಲ ಹೋಗೂ ಮುಂದ ಅದರ ಕವಚ ಕಿತ್ತು, ಒಳಗ ತಡಿಯಲಾರದಷ್ಟು ಕಾವು ಏರಿತ್ತು. ಆಮ್ಯಾಲ ಹೋದ ಗಗನಯಾತ್ರಿಗಳು ಅಲ್ಯುಮಿನಿಯಂ ಲೇಪದ ತೆಳ್ಳನ ಬಟ್ಟಿಯ ಕೊಡಿ ಬಿಚ್ಚಿದ ಮ್ಯಾಲೇ ಒಳಗ ಕೆಲಸ ಮಾಡಾಕ ಬಂತು.

ಮುಖ್ಯ ಸಂಗತಿ ಈಗ ಕೇಳ್ರಿ. ಹಾಳಿಯನ್ನ ತಗಡಿಗೂ ಕೆಳಗಿನ ಹಲಿಗಿಗೂ ನಡುವ ಒತ್ತಿ ಕುಂಡ್ರಿಸಿದ್ರ ಕೆಲಸ ಕೆಟ್ಟಂಗ. ಕಾವು ಮುಟ್ಟಿ ಮುಟ್ಟಿ ದಾಟಿಬಿಡತೈತಿ. ಒಂದು ಇಂಚರ ಖಾಲಿ ಜಾಗ ಬೇಕು, ಎರಡೂ ತುದಿಗೆ ಬಿಸಿ ಗಾಳಿ ಹೊರಗ ಹೋಗಾಕ ಕಿಂಡಿ ಬೇಕು. ಹೊಳಪಿನ ಮಗ್ಗಲು ಕೆಳಗ ಮಾಡ್ರಿ. ನಮ್ಮ ಎರಿ ಹೊಲದ ಧೂಳು ನಿಮಗ ಗೊತ್ತೈತಲ್ಲ, ಮ್ಯಾಲ ಮಾರಿ ಮಾಡಿದ್ರ ಹೊಳಪು ಮುಚ್ಚಿಹೋಗಿ ಹಾಳಿ ಬರೀ ಹಾಳಿ ಆಗತೈತಿ. ಮತ್ತ ಅದು ಲೋಹ, ಕರೆಂಟ್ ಹರೀತೈತಿ; ಸುಲಿದ ವೈರ್ ಹತ್ರ ತರಬ್ಯಾಡ್ರಿ.

ಕಲಘಟಗಿ ಕಡೆ ಹಂಚಿನ ಮನಿಯವರಿಗೆ ಅಟ್ಟ ಮೊದಲ ಐತಿ, ಅವರು ಹಂಚಿನ ಪಟ್ಟಿ ಕೆಳಗ ಹಾಳಿ ಹೊಡದ್ರ ಸಾಕು. ಸ್ಲ್ಯಾಬಿನವರಿಗೆ ನಾ ಈ ಹಾಳಿ ಹೇಳೂದಿಲ್ಲ. ಮ್ಯಾಲ ಬಿಳಿ ಸುಣ್ಣ ಬಳೀರಿ, ಬಿಸಲು ಅಲ್ಲೇ ತಿರುಗತೈತಿ. ತೆಲಂಗಾಣ ಸರಕಾರ 2023ರಾಗ ಇಂಥ ತಂಪು ಚಾವಣಿಗಂತ ಒಂದು ನೀತಿನೇ ಮಾಡೇತಿ. ನಮ್ಮಲ್ಲೂ ಆಗಬೇಕು, ಆಸರಿ ಮನಿ ಕೊಡೂ ಯೋಜನಿಯೊಳಗ ತಗಡಿನ ಜೋಡಿ ಹಾಳಿನೂ ಸೇರಬೇಕು ಅಂತ ನನಗ ಖರೇನ ಅನಿಸತೈತಿ.

ದುಡ್ಡಿನ ಲೆಕ್ಕನೂ ಹಿಡೀರಿ. 200 ವ್ಯಾಟಿನ ಕೂಲರ್ ದಿನಾ 10 ತಾಸು ಓಡಿದ್ರ 2 ಯೂನಿಟ್, ತಿಂಗಳಿಗೆ 60. ಗೃಹಜ್ಯೋತಿ ಯೋಜನಿಯೊಳಗ ನಿಮಗ ಪುಕ್ಕಟ ಇರೂ ಕರೆಂಟು ಹಿಂದಿನ ಸರಾಸರಿ, ಅದರ ಮ್ಯಾಲ ಸ್ವಲ್ಪ ಅಷ್ಟ. ಈ 60 ಅದನ್ನ ದಾಟಿಬಿಡತೈತಿ. ಅಮೆರಿಕಾದ ಇಂಧನ ಇಲಾಖೆ, ಬಿಸಲು ನಾಡಿನಾಗ ಈ ಹಾಳಿಯಿಂದ ತಂಪಿನ ಖರ್ಚು 5ರಿಂದ 10 ಪರ್ಸೆಂಟ್ ಇಳೀತೈತಿ ಅಂತೈತಿ. ಅವರ ಅಟ್ಟದಾಗ ಶಾಖ ತಡಿಯೂ ಹಾಸು ಮೊದಲ ಇರತೈತಿ. ನಮ್ಮ ತಗಡಿನ ಕೆಳಗ ಏನೂ ಇಲ್ಲ, ಅದಕ್ಕ ಇಲ್ಲಿ ಫರಕು ಇನ್ನೂ ಚೊಲೋ ಗೊತ್ತಾಗತೈತಿ.

ಮೇಸ್ತ್ರಿ ಬಂದಾಗ ಇಂಚಿನ ಪಟ್ಟಿ ಮೊದಲ ಹೊಡಸ್ರಿ, ಹಾಳಿ ಆಮ್ಯಾಲ. ಅವರು ಅವಸರದಾಗ ತಗಡಿಗೇ ಅಂಟಿಸಿ ಹೋಗಾಕ ನೋಡತಾರ, ನಿಂತು ಮಾಡಸ್ರಿ.