ಉಕ್ಕಿನ ತಲೆ

ಕವಚ ತೊಟ್ಟು, ಮೊಂಡು ಮಾಡಿದ ಉಕ್ಕಿನ ಕತ್ತಿಯಿಂದ ಬಡಿದಾಡುವ ‘ಬುಹರ್ಟ್’ ಎಂಬ ಯುರೋಪಿನ ಆಟದ ಹುಚ್ಚು ಹತ್ತಿದ ಮೇಲೆ ಶಿರಸ್ತ್ರಾಣ ಮಾಡಿಸದೆ ವಿಧಿಯಿಲ್ಲ. 14ನೇ ಶತಮಾನದ ಬ್ಯಾಸಿನೆಟ್ಟೇ ಬೇಕೆಂದೆ: ಚೂಪು ಮೂತಿಯ ಮುಖಮುಚ್ಚಳ, ಉಸಿರಿಗೆ ತೂತು, ನೋಟಕ್ಕೆ ಬರೀ ಸೀಳು. ಪೋಲೆಂಡಿನ ಕಮ್ಮಾರ ಕೇಳಿದ ಅಳತೆಗಳೋ! ಹಣೆಯ ಸುತ್ತು, ಗಲ್ಲದಿಂದ ನೆತ್ತಿ, ಮೂಗಿನಿಂದ ಹಿಂದಲೆ. ಮದುವೆ ಸೂಟಿಗೂ ದರ್ಜಿ ನನ್ನನ್ನು ಇಷ್ಟು ಗಂಭೀರವಾಗಿ ಪರಿಗಣಿಸಿರಲಿಲ್ಲ. ಒಳಗೆ ದಪ್ಪ ಮೆತ್ತೆ ಇರಬೇಕಾದ್ದರಿಂದ ಉಕ್ಕಿನ ತಲೆ ಅಸಲಿಗಿಂತ ದೊಡ್ಡದು. ಅಂತೂ ಬುದ್ಧಿ ಬೆಳೆಯದಿದ್ದರೂ ತಲೆ ಬೆಳೆಯಿತು. ತೂಕ ಐದು ಕಿಲೋ ಆಸುಪಾಸು. ತೊಟ್ಟರೆ ನನ್ನ ಕಾಲೇ ನನಗೆ ಕಾಣದು, ಮೂಗು ತುರಿಸಿದರೆ ದೇವರೇ ಗತಿ. (ಅದು ತುರಿಸುವುದೂ ಆಗಲೇ.) ಗುಂಪು ಕಾಳಗದಲ್ಲಿ ನೆಲಕ್ಕೆ ಬಿದ್ದವನು ಔಟು, ಸುತ್ತು ಮುಗಿಯುವವರೆಗೆ ಏಳುವ ಹಾಗಿಲ್ಲ. ಈ ನಿಯಮ ಮಾಡಿದ ಪುಣ್ಯಾತ್ಮರಿಗೆ ನನ್ನ ಕತ್ತು ಸದಾ ಋಣಿ.